ಹಾಲುಣಿಸುವ ತಾಯಿ ಮತ್ತೆ ಕೆಲಸಕ್ಕೆ ಹೊರಟಾಗ

ಹೆರಿಗೆ ರಜೆ ಮುಗಿಯಲು ಇನ್ನೊಂದು ವಾರವಿದೆ ಎನ್ನುವಾಗ ಉದ್ಯೋಗಕ್ಕೆ ಹೋಗುವ ತಾಯಿ ತನ್ನ ಕಪಾಟು ತೆರೆಯುತ್ತಾಳೆ. ಮೊದಲು ತೊಡುತ್ತಿದ್ದ ಚೂಡಿದಾರ ತೋಳಿನಲ್ಲೇ ಸಿಕ್ಕಿಕೊಳ್ಳುತ್ತದೆ. ಜಂಪರಿನ ಹುಕ್ಕುಗಳು ಒಂದಕ್ಕೊಂದು ಎಟುಕುವುದಿಲ್ಲ. ಗರ್ಭಿಣಿಯಾಗಿದ್ದಾಗ ಹೊಲಿಸಿದ ಅಂಗಿಗಳು ಜೋತು ಬೀಳುತ್ತವೆ. ಉಳಿಯುವುದು ಮನೆಯಲ್ಲಿ ತೊಡುವ ನೈಟಿ ಮಾತ್ರ. ಅದನ್ನು ತೊಟ್ಟು ಶಾಲೆಗಾಗಲಿ, ಬ್ಯಾಂಕಿಗಾಗಲಿ, ದವಾಖಾನೆಗಾಗಲಿ ಹೋಗುವಂತಿಲ್ಲ.

ಇದನ್ನು ಮನೆಯಲ್ಲಿ ಹೇಳಿಕೊಂಡರೆ ಸಿಗುವ ಉತ್ತರ ಹೆಚ್ಚಾಗಿ ಒಂದೇ: “ಇನ್ನೆರಡ ತಿಂಗಳಿಗೆ ಮೈ ಇಳೀತೈತಿ. ಈಗ್ಯಾಕ ಹೊಸಾ ಬಟ್ಟಿ?” ಕೇಳುವುದಕ್ಕೆ ಇದು ಉಳಿತಾಯದ ಮಾತು. ಆದರೆ ಈ ಉಳಿತಾಯದ ಬೆಲೆಯನ್ನು ಹಲವು ಮನೆಗಳಲ್ಲಿ ತೆರುವುದು ಹಸುಗೂಸು.

ಹೇಗೆಂದು ಕೇಳುತ್ತೀರಾ? ಸಂಗೊಳ್ಳಿಯಂಥ ಊರಿನಿಂದ ಬೈಲಹೊಂಗಲಕ್ಕೋ ಕಿತ್ತೂರಿಗೋ ಬಸ್ಸು ಹಿಡಿದು ಹೋಗುವ ಒಬ್ಬ ಶಿಕ್ಷಕಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಮಗುವಿಗೆ ಹಾಲು ಕೊಟ್ಟು ಮನೆ ಬಿಟ್ಟರೆ ಮತ್ತೆ ಮಗುವನ್ನು ಎತ್ತಿಕೊಳ್ಳುವುದು ಸಂಜೆ ಐದೂವರೆಗೆ. ನಡುವೆ ಒಂಬತ್ತೂವರೆ ತಾಸು. ಅವಳು ತೊಟ್ಟದ್ದು ಬೆನ್ನಿಗೆ ಜಿಪ್ ಇರುವ, ಎದೆಗೆ ಬಿಗಿಯಾದ ಅಂಗಿಯಾದರೆ ಮಧ್ಯಾಹ್ನದ ಬಿಡುವಿನಲ್ಲಿ ಹಾಲು ಹಿಂಡಿ ತೆಗೆಯಲು ಪೂರ್ತಿ ಅಂಗಿಯನ್ನೇ ಕಳಚಬೇಕು. ಚಿಲಕವಿಲ್ಲದ ಸ್ಟಾಫ್ ರೂಮಿನಲ್ಲಿ ಅದು ಆಗದ ಮಾತು. ಸಂಜೆಗೆ ಎದೆ ಕಲ್ಲಿನಂತಾಗುತ್ತದೆ. ಕೆಲವರಿಗೆ ಹಾಲಿನ ನಾಳ ಕಟ್ಟಿಕೊಂಡು ಬಾವು ಬಂದು ಚಳಿಜ್ವರ ಬರುತ್ತದೆ. ಹೊರಬಾರದ ಹಾಲು ಬೇಡವಾದ ಹಾಲೆಂದು ತಿಳಿದು ದೇಹ ಹಾಲಿನ ಉತ್ಪಾದನೆಯನ್ನೇ ಇಳಿಸುತ್ತದೆ. ಕೆಲವು ವಾರಗಳಲ್ಲಿ “ಹಾಲು ಸಾಲುತ್ತಿಲ್ಲ” ಎಂಬ ಮಾತಿನೊಂದಿಗೆ ಡಬ್ಬಿಯ ಪುಡಿ ಮನೆಗೆ ಬರುತ್ತದೆ. ಆಗ ಎಲ್ಲರೂ ದೂರುವುದು ತಾಯಿಯ ಮೈಯನ್ನು. ಬೆನ್ನಿನ ಜಿಪ್ಪನ್ನು ಯಾರೂ ದೂರುವುದಿಲ್ಲ.

ಆದ್ದರಿಂದ ಹಾಲುಣಿಸುವ ತಾಯಿಯ ಕೆಲಸದ ಉಡುಪು ಶೋಕಿಯ ವಿಷಯವಲ್ಲ. ಅದು ಮಗುವಿನ ಅನ್ನದ ವಿಷಯ, ತಾಯಿಯ ಆರೋಗ್ಯದ ಮತ್ತು ಗೌರವದ ವಿಷಯ.

ಅನ್ನದ ಜೊತೆಗೇ ಬಟ್ಟೆಯ ಮಾತು

ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 233ನೇ ಸೂಕ್ತ ನಮ್ಮ ಮನೆಗಳಲ್ಲಿ ಪರಿಚಿತವಾದದ್ದೇ. ಹಾಲುಣಿಸುವ ಅವಧಿಯನ್ನು ಪೂರ್ಣಗೊಳಿಸಲು ಬಯಸುವವರಿಗೆ ಅದು ಎರಡು ಪೂರ್ಣ ವರ್ಷಗಳೆಂದು ತಿಳಿಸುತ್ತದೆ. ಹೆಚ್ಚಿನವರ ನೆನಪಿನಲ್ಲಿ ಉಳಿದಿರುವುದು ಈ ಎರಡು ವರ್ಷದ ಮಾತು. ಆದರೆ ಅದೇ ಸೂಕ್ತ ಮುಂದುವರಿದು, ಆ ತಾಯಂದಿರ ಆಹಾರ ಮತ್ತು ಉಡುಪಿನ ಹೊಣೆಯನ್ನು ರೂಢಿಗೆ ತಕ್ಕಂತೆ, ಶಕ್ತಿಗೆ ಅನುಸಾರವಾಗಿ ಮಗುವಿನ ತಂದೆಯ ಮೇಲೆ ಹೊರಿಸುತ್ತದೆ. ಮಗುವಿನ ಕಾರಣದಿಂದ ತಾಯಿಗೂ ತೊಂದರೆಯಾಗಬಾರದು, ತಂದೆಗೂ ತೊಂದರೆಯಾಗಬಾರದು ಎನ್ನುತ್ತದೆ. ಹಾಲು ಬಿಡಿಸುವುದಿದ್ದರೆ ಇಬ್ಬರೂ ಕೂಡಿ ಸಮಾಲೋಚಿಸಿ ತೀರ್ಮಾನಿಸಬೇಕೆಂದು ಹೇಳುತ್ತದೆ.

ಗಮನಿಸಿ ಸಹೋದರಿಯರೇ, ಹಾಲಿನ ಮಾತು ಬಂದಲ್ಲೇ ಅನ್ನದ ಪಕ್ಕದಲ್ಲಿ ಬಟ್ಟೆಯ ಮಾತೂ ಬಂದಿದೆ. ಬಾಣಂತಿಗೆ ಅಂಟಿನುಂಡಿ ಕಟ್ಟಿಸುವುದನ್ನು ನಾವು ಖರ್ಚೆಂದು ಎಣಿಸುವುದಿಲ್ಲ, ಅದು ಅವಳ ಹಕ್ಕೆಂದು ಭಾವಿಸುತ್ತೇವೆ. ಹಾಲುಣಿಸಲು ಅನುಕೂಲವಾದ ಎರಡು ಜೊತೆ ಉಡುಪೂ ಅದೇ ಸಾಲಿಗೆ ಸೇರಬೇಕು. ಹೆಂಡತಿ ಸಂಬಳ ತರುತ್ತಾಳೆ ಎಂಬ ಕಾರಣಕ್ಕೆ ಗಂಡನ ಈ ಹೊಣೆ ಇಳಿದುಹೋಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದರ ಹತ್ತಿರವೇ ಇದೆ. ಮೊದಲ 6 ತಿಂಗಳು ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ, ಅನಂತರ ಮೇಲಿನ ಆಹಾರದ ಜೊತೆಗೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಮುಂದುವರಿಯಲಿ ಎಂದು ಅದು ಹೇಳುತ್ತದೆ. ಎರಡು ವರ್ಷ ಎಂದರೆ ಸುಮಾರು 730 ದಿನ. ಅಷ್ಟು ದಿನ ತೊಡುವ ಬಟ್ಟೆಯನ್ನು “ಇನ್ನೆರಡು ತಿಂಗಳ ಮಾತು” ಎಂದು ತಳ್ಳಿಹಾಕಲು ಬರುತ್ತದೆಯೇ?

ಈಗಿನ ಮೈಗೆ ಹೊಲಿಸಿ

ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು 6 ವಾರ ಬೇಕು. ಹೊಟ್ಟೆಯ ಸ್ನಾಯುಗಳು ಬಿಗಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಎದೆಯ ಗಾತ್ರವಂತೂ ಬೆಳಿಗ್ಗೆ ಇದ್ದಂತೆ ಮಧ್ಯಾಹ್ನ ಇರುವುದಿಲ್ಲ, ಹಾಲು ತುಂಬಿದಾಗ ಒಂದು ಅಳತೆ, ಮಗು ಕುಡಿದ ಮೇಲೆ ಇನ್ನೊಂದು. ಹಾಲುಣಿಸುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚಿನ ಆಹಾರ ಬೇಕು. ಈ ಸಮಯದಲ್ಲಿ ಹಳೆಯ ಅಂಗಿಗೆ ಮೈ ಹೊಂದಿಸಲು ಊಟ ಬಿಡುವುದು ತನಗೂ ಮಗುವಿಗೂ ಮಾಡಿಕೊಳ್ಳುವ ಅನ್ಯಾಯ.

ಇಲ್ಲಿ ಒಂದು ಸರಳ ಸೂತ್ರ ನೆನಪಿಡಿ. ಬಟ್ಟೆಗೆ ಮೈ ಹೊಂದಬೇಕಿಲ್ಲ, ಮೈಗೆ ಬಟ್ಟೆ ಹೊಂದಬೇಕು. ಹಳೆಯ ಬಿಗಿ ಅಂಗಿ ತೊಟ್ಟರೆ ಇಲ್ಲದ ದಪ್ಪವೂ ಕಾಣುತ್ತದೆ. ಅದನ್ನು ಮುಚ್ಚಲು ಡೇರೆಯಂಥ ಅಂಗಿ ತೊಟ್ಟರೆ ಇರುವುದಕ್ಕಿಂತ ಎರಡರಷ್ಟು ದಪ್ಪ ಕಾಣುತ್ತೀರಿ. ಭುಜದಲ್ಲಿ ಸರಿಯಾಗಿ ಕೂತು, ಎದೆಗೆ ಆರಾಮವಾಗಿದ್ದು, ಅಲ್ಲಿಂದ ಕೆಳಕ್ಕೆ ಸ್ವಲ್ಪ ಸ್ವಲ್ಪವೇ ಅಗಲವಾಗುತ್ತ ಹೋಗುವ ಅಂಗಿ ಬಾಣಂತನ ಮುಗಿಸಿದ ಮೈಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಟೈಲರುಗಳು ಇದನ್ನು ಎ-ಲೈನ್ ಎನ್ನುತ್ತಾರೆ. ಭುಜ ಸರಿಯಿದ್ದರೆ ಅರ್ಧ ಕೆಲಸ ಆದಂತೆಯೇ. ಭುಜ ಜಾರಿದ ಅಂಗಿ ಎಷ್ಟು ಬೆಲೆಯದಾದರೂ ಎರವಲು ತಂದದ್ದರಂತೆ ಕಾಣುತ್ತದೆ.

ಹೊಲಿಸುವಾಗ ಎರಡೂ ಬದಿಗೆ ಒಳಗಡೆ ಒಂದೂವರೆ ಇಂಚು ಬಟ್ಟೆ ಬಿಡಿಸಿ. ಈಗ ಸಡಿಲ ಬೇಕಾದರೆ ಬಿಚ್ಚಬಹುದು, ಮೈ ಇಳಿದ ಮೇಲೆ ಒಂದು ಹೊಲಿಗೆ ಹೆಚ್ಚು ಹಾಕಿಸಬಹುದು. ಒಂದೇ ಅಂಗಿ ಎರಡು ವರ್ಷ ಬಾಳುತ್ತದೆ. ಇದೇ ನಿಜವಾದ ಉಳಿತಾಯ.

ಅಜ್ಜಿಯರ ಕುಬಸದ ಜಾಣತನ

ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಗುಳೇದಗುಡ್ಡದ ಖಣದಿಂದ ಹೊಲಿಸಿಕೊಳ್ಳುತ್ತಿದ್ದ ಕುಬಸವನ್ನು ನೋಡಿದ್ದೀರಾ? ಅದಕ್ಕೆ ಹಿಂದೆ ಹುಕ್ಕಿಲ್ಲ, ಜಿಪ್ಪಿಲ್ಲ. ಮುಂದುಗಡೆ ಎದೆಯ ಕೆಳಗೆ ಎರಡು ತುದಿ ಕೂಡಿಸಿ ಗಂಟು ಹಾಕಿದರೆ ಮುಗಿಯಿತು. ಹಾಲು ತುಂಬಿ ಎದೆ ಬಿಗಿಯಾದರೆ ಗಂಟು ಸಡಿಲ, ಮೈ ಇಳಿದರೆ ಗಂಟು ಬಿಗಿ. ಮಗು ಅತ್ತರೆ ಒಂದೇ ಕೈಯಲ್ಲಿ ಬಿಚ್ಚಬಹುದು. ಮೇಲೆ ಇಳಕಲ್ ಸೀರೆಯ ಸೆರಗು ಇದ್ದೇ ಇರುತ್ತದೆ. ಹೊಲದ ಬದುವಿನ ಮೇಲೆ, ಸಂತೆಯಲ್ಲಿ, ಜಾತ್ರೆಯ ಚಕ್ಕಡಿಯಲ್ಲಿ ಆ ತಾಯಂದಿರು ಯಾರ ಕಣ್ಣಿಗೂ ಬೀಳದಂತೆ ಹಾಲುಣಿಸುತ್ತಿದ್ದರು. ಈ ಭಾಗದ ಹಿಂದಿನ ತಲೆಮಾರಿನ ಮುಸ್ಲಿಮ್ ಹೆಂಗಸರಲ್ಲೂ ಸೀರೆ-ಕುಬಸ ಉಟ್ಟವರು ಕಡಿಮೆಯಿರಲಿಲ್ಲ.

ಆ ಉಡುಪು ಈಗ ಎಲ್ಲರಿಗೂ ಬೇಕೆಂದಲ್ಲ. ಆದರೆ ಅದರಲ್ಲಿರುವ ಮೂರು ಗುಣಗಳನ್ನು ಇಂದಿನ ಯಾವ ಉಡುಪಿಗೂ ತರಬಹುದು. ಮುಂದೆ ತೆರೆಯುವುದು, ಒಂದೇ ಕೈಗೆ ಎಟುಕುವುದು, ತೆರೆದದ್ದು ಹೊರಗೆ ಕಾಣದಿರುವುದು. ಅಂಗಡಿಯಲ್ಲಿ ಬಟ್ಟೆ ನೋಡುವಾಗ ಈ ಮೂರನ್ನೂ ಕೇಳಿಕೊಳ್ಳಿ. ಮೂರಕ್ಕೂ ‘ಹೌದು’ ಬಂದರೆ ಮಾತ್ರ ದರ ಕೇಳಿ.

ಒಳ ಉಡುಪಿನಿಂದ ಆರಂಭಿಸಿ

ಮೇಲಿನ ಬಟ್ಟೆ ಎಷ್ಟು ಚೆನ್ನಾಗಿದ್ದರೂ ಒಳಗಿನದು ಸರಿಯಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಕೇಳಲು ನಾಚಿಕೆ ಎಂದು ಹಳೆಯ ಅಳತೆಯ ಬ್ರಾವನ್ನೇ ಎಳೆದು ತೊಡುವವರು ಬಹಳ. ಬಿಗಿಯಾದದ್ದು, ಕೆಳಗೆ ತಂತಿ ಇರುವುದು ಹಾಲಿನ ನಾಳಗಳನ್ನು ಒತ್ತುತ್ತದೆ. ನಾಳ ಕಟ್ಟಿಕೊಳ್ಳಲು ಅದೊಂದು ಕಾರಣವಾಗಬಹುದು. ಹತ್ತಿಯದು, ಪಟ್ಟಿ ಅಗಲವಾದದ್ದು, ತಂತಿಯಿಲ್ಲದ್ದು, ಮುಂದೆ ಕ್ಲಿಪ್ ತೆರೆಯುವಂಥದ್ದು ಆರಿಸಿ. ಹೆರಿಗೆಯಾದ ಕೂಡಲೇ ಖರೀದಿಸಬೇಡಿ. ಮೊದಲ ಕೆಲವು ವಾರ ಎದೆಯ ಗಾತ್ರ ಏರಿಳಿಯುತ್ತಲೇ ಇರುತ್ತದೆ. ಕೆಲಸಕ್ಕೆ ಮರಳುವ ಎರಡು ವಾರ ಮುಂಚೆ ಹೊಸದಾಗಿ ಅಳತೆ ಕೊಟ್ಟು ತೆಗೆದುಕೊಳ್ಳಿ. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಮೂರು ಇದ್ದರೆ ಸಾಕು: ಮೈಮೇಲೆ ಒಂದು, ಹಗ್ಗದ ಮೇಲೆ ಒಂದು, ಚೀಲದಲ್ಲಿ ಒಂದು.

ಹಾಲು ಸೋರಿ ಅಂಗಿ ಒದ್ದೆಯಾಗುವುದು ಕೆಲಸಕ್ಕೆ ಹೋಗುವ ತಾಯಂದಿರ ದೊಡ್ಡ ಅಳುಕು. ತರಗತಿಯಲ್ಲಿ ಒಂದು ಮಗು ಅತ್ತರೆ ಸಾಕು, ಮನೆಯ ಮಗುವಿಗಾಗಿ ಹಾಲು ಇಳಿಯುತ್ತದೆ. ಇದು ದೇಹದ ಸಹಜ ಕ್ರಿಯೆ, ನಾಚಿಕೆ ಪಡುವಂಥದ್ದೇನಲ್ಲ. ಹಾಗೆ ಇಳಿಯುತ್ತಿದೆ ಎನಿಸಿದಾಗ ಎರಡೂ ಕೈ ಕಟ್ಟಿಕೊಂಡು ಮುಂಗೈಯಿಂದ ಎದೆಯನ್ನು ಕೆಲ ಕ್ಷಣ ಮೆಲ್ಲಗೆ ಒತ್ತಿ ಹಿಡಿದರೆ ಸೋರುವುದು ಹೆಚ್ಚಾಗಿ ನಿಲ್ಲುತ್ತದೆ. ನೋಡುವವರಿಗೆ ಟೀಚರ್ ಕೈಕಟ್ಟಿ ನಿಂತಂತೆ ಮಾತ್ರ ಕಾಣುತ್ತದೆ.

ಇದರ ಜೊತೆಗೆ ಒಳಗಿಡುವ ಪ್ಯಾಡ್ ಬೇಕು. ಅಂಗಡಿಯದೇ ಆಗಬೇಕೆಂದಿಲ್ಲ. ತೊಳೆದು ಮೆತ್ತಗಾದ ಹಳೆಯ ಹತ್ತಿಯ ಲುಂಗಿ ಅಥವಾ ದುಪಟ್ಟಾವನ್ನು ಅಂಗೈ ಅಗಲದ ವೃತ್ತಗಳಾಗಿ ಕತ್ತರಿಸಿ, ಐದಾರು ಪದರ ಕೂಡಿಸಿ ಸುತ್ತ ಹೊಲಿದುಬಿಡಿ. ಹನ್ನೆರಡು ಮಾಡಿಟ್ಟುಕೊಂಡರೆ ದಿನಕ್ಕೆ ಮೂರು ಜೊತೆ ಬದಲಿಸಿದರೂ ಸಾಲುತ್ತದೆ. ಒದ್ದೆಯಾದದ್ದನ್ನು ಹಾಗೇ ಇಟ್ಟುಕೊಂಡರೆ ಮೊಲೆತೊಟ್ಟಿನ ಚರ್ಮ ಬಿರಿಯುತ್ತದೆ, ಸೋಂಕು ತಗಲುತ್ತದೆ. ಸೋಪಿನಲ್ಲಿ ತೊಳೆದು ಕಡುಬಿಸಿಲಿನಲ್ಲಿ ಒಣಗಿಸಿ. ಬಟ್ಟೆಯ ಮೇಲೆ ಹಾಲಿನ ಕಲೆಯಾದರೆ ಮೊದಲು ತಣ್ಣೀರಿನಲ್ಲಿ ನೆನೆಸಿ ಹಿಂಡಿ, ಆಮೇಲೆ ಸೋಪು ಹಚ್ಚಿ. ಮೊದಲೇ ಬಿಸಿನೀರು ಹಾಕಿದರೆ ಕಲೆ ನಿಂತುಬಿಡುತ್ತದೆ.

ಚೂಡಿದಾರ, ಸೀರೆ, ಬುರ್ಖಾ

ಚೂಡಿದಾರ ಹೊಲಿಸುವವರು ಟೈಲರಿಗೆ ಪ್ರಿನ್ಸೆಸ್ ಕಟ್ ಹೊಲಿಯಲು ಹೇಳಿ. ಭುಜದಿಂದ ಅಥವಾ ತೋಳಿನ ಬುಡದಿಂದ ಎದೆಯ ಮೇಲೆ ಹಾದು ಕೆಳಗಿಳಿಯುವ ಎರಡು ಉದ್ದ ಹೊಲಿಗೆಗಳು ಅದರಲ್ಲಿರುತ್ತವೆ. ಆ ಹೊಲಿಗೆಯೊಳಗೇ ಎದೆಯ ಭಾಗದಲ್ಲಿ ಏಳೆಂಟು ಇಂಚಿನ ಜಿಪ್ಪನ್ನು ಹೊರಗೆ ಕಾಣದಂತೆ ಕೂರಿಸಬಹುದು. ಜಿಪ್ಪಿನ ಒಳಬದಿಗೆ ಒಂದು ಪಟ್ಟಿ ಬಟ್ಟೆ ಕೊಡಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅದು ತಾಯಿಯ ಚರ್ಮವನ್ನೂ ಮಗುವಿನ ಕೆನ್ನೆಯನ್ನೂ ಗೀರುತ್ತದೆ. ಈ ಉದ್ದ ಹೊಲಿಗೆಗಳಿಂದ ಇನ್ನೊಂದು ಲಾಭವಿದೆ. ಮೇಲಿನಿಂದ ಕೆಳಕ್ಕೆ ಇಳಿಯುವ ಗೆರೆ ಮೈಯನ್ನು ತೆಳ್ಳಗೆ ತೋರಿಸುತ್ತದೆ. ಜಿಪ್ ಬೇಡವೆನ್ನುವವರು ಕುತ್ತಿಗೆಯಿಂದ ಹೊಟ್ಟೆಯವರೆಗೆ ಗುಂಡಿಯ ಪಟ್ಟಿ ಇಡಿಸಿ, ಗುಂಡಿಗಳ ನಡುವೆ ಒತ್ತಿದರೆ ಕೂಡುವ ಟಿಚ್ ಬಟನ್ ಹಾಕಿಸಿದರೆ ನಡುವೆ ಬಾಯಿ ಬಿಡುವುದಿಲ್ಲ.

ಸಿಸೇರಿಯನ್ ಆದವರು ಸಲ್ವಾರದ ಲಾಡಿ ಎಲ್ಲಿ ಕೂರುತ್ತದೆ ಎಂಬುದನ್ನು ನೋಡಿಕೊಳ್ಳಬೇಕು. ಲಾಡಿ ಗಾಯದ ಗುರುತಿನ ಮೇಲೆಯೇ ಕೂತರೆ ದಿನವಿಡೀ ಉಜ್ಜುತ್ತದೆ. ಅಗಲವಾದ ಮೆತ್ತನೆಯ ಇಲಾಸ್ಟಿಕ್ ಪಟ್ಟಿ ಹಾಕಿಸಿ ಹೊಕ್ಕುಳಿನ ಮೇಲಕ್ಕೆ ಬರುವಂತೆ ಹೊಲಿಸಿ. ಸೀರೆ ಉಡುವವರೂ ಪರಕಾರದ ಲಾಡಿಯನ್ನು ಬಿಗಿದು ಕಟ್ಟದೆ, ಅಗಲ ಪಟ್ಟಿಯದನ್ನು ಬಳಸಿ. ಹೊಟ್ಟೆ ಇಳಿಯಲೆಂದು ಬಟ್ಟೆ ಸುತ್ತಿ ಉಸಿರು ಕಟ್ಟುವಂತೆ ಬಿಗಿಯುವುದರಿಂದ ಕೊಬ್ಬು ಕರಗುವುದಿಲ್ಲ. ಪಟ್ಟಿ ಕಟ್ಟಬೇಕೆನಿಸಿದರೆ ವೈದ್ಯರನ್ನು ಕೇಳಿಯೇ ಕಟ್ಟಿ.

ಹಾಲುಣಿಸುವ ತಾಯಿಗೆ ಸೀರೆ ಒಳ್ಳೆಯ ಗೆಳತಿ. ಅದಕ್ಕೆ ಅಳತೆಯ ಗೊಡವೆಯಿಲ್ಲ, ಸೆರಗೇ ಪರದೆ. ತೊಡಕಿರುವುದು ಜಂಪರಿನಲ್ಲಿ. ಹುಕ್ಕು ಮುಂದಿರಲಿ, ಕೆಳಗಿನಿಂದ ಮೇಲಕ್ಕೆ ಬಿಚ್ಚಲು ಬರುವಂತಿರಲಿ. ಜಂಪರಿನ ಉದ್ದ ಒಂದೂವರೆ ಇಂಚು ಹೆಚ್ಚಿರಲಿ. ಸೆರಗಿಗೆ ಪಿನ್ ಭುಜದ ಹಿಂಬದಿಗೆ ಒಂದೇ ಇರಲಿ. ಎದೆಯ ಮೇಲಿನ ಪಿನ್ನು ಮಗುವಿಗೆ ಅಪಾಯ. ಕನ್ನಡಿ, ಜರಿ, ಮಣಿಯ ಕೆಲಸದ ಬಟ್ಟೆಗಳನ್ನು ಮದುವೆ ಮನೆಗೆ ಮೀಸಲಿಡಿ.

ಇನ್ನು ಬುರ್ಖಾ. ತಲೆಯ ಮೇಲಿನಿಂದ ಹಾಕಿಕೊಳ್ಳುವ, ಮುಂದೆ ತೆರೆಯದ ಬುರ್ಖಾ ತೊಟ್ಟು ಬಸ್ಸಿನಲ್ಲಿ ಹಾಲುಣಿಸುವುದು ಎಷ್ಟು ಕಷ್ಟವೆಂದು ಪಟ್ಟವರಿಗೇ ಗೊತ್ತು. ಈ ಎರಡು ವರ್ಷಕ್ಕಾದರೂ ಮುಂದೆ ಪೂರ್ತಿ ಗುಂಡಿ ಅಥವಾ ಜಿಪ್ ಇರುವುದನ್ನು ಕೊಳ್ಳಿ. ಅದರ ಮೇಲೆ ಎದೆಯಿಂದ ಕೆಳಗೆ ಬರುವ ಉದ್ದ ಮಕ್ನಾ ಅಥವಾ ಅಗಲವಾದ ದುಪಟ್ಟಾ ಇದ್ದರೆ ಗುಂಡಿ ತೆರೆದದ್ದು ಪಕ್ಕದವರಿಗೂ ತಿಳಿಯುವುದಿಲ್ಲ. ದಪ್ಪ ಪಾಲಿಯೆಸ್ಟರಿನ ಕಪ್ಪು ಬುರ್ಖಾ ಏಪ್ರಿಲ್ ಬಿಸಿಲಿನಲ್ಲಿ ಮಗುವನ್ನು ಬೇಯಿಸಿಬಿಡುತ್ತದೆ. ತೆಳುವಾಗಿದ್ದೂ ಪಾರದರ್ಶಕವಲ್ಲದ ಬಟ್ಟೆ ನೋಡಿ. ಮಗುವಿನ ಮುಖದ ಮೇಲೆ ಬರುವುದು ಮಾತ್ರ ಹತ್ತಿಯ ತೆಳು ದುಪಟ್ಟಾವೇ ಆಗಿರಲಿ, ಮೂಗಿಗೆ ಗಾಳಿಯಾಡಲಿ. ಮರ್ಯಾದೆಯ ಉಡುಪಿಗೂ ಅನುಕೂಲದ ಉಡುಪಿಗೂ ಜಗಳವಿಲ್ಲ, ಹೊಲಿಗೆ ತಿಳಿದಿರಬೇಕಷ್ಟೇ.

ಬಣ್ಣ ಮತ್ತು ಬಟ್ಟೆ

ಒಂದೇ ಬಣ್ಣದ ತಿಳಿ ಬೂದು, ತಿಳಿ ಗುಲಾಬಿ, ಆಕಾಶನೀಲಿ ಬಟ್ಟೆಗಳ ಮೇಲೆ ಒಂದು ಹನಿ ಬಿದ್ದರೂ ದೂರದಿಂದ ಕಾಣುತ್ತದೆ. ಸ್ಯಾಟಿನ್, ರೇಷ್ಮೆಯ ಮೇಲಿನ ಕಲೆ ಹೋಗುವುದೂ ಕಷ್ಟ. ಹಾಗೆಂದು ಕಪ್ಪು ಬಣ್ಣವೇ ಪರಿಹಾರವೆಂದುಕೊಳ್ಳಬೇಡಿ. ಒಣಗಿದ ಹಾಲು ಕಪ್ಪಿನ ಮೇಲೆ ಬಿಳಿಯ ಗುರುತು ಬಿಡುತ್ತದೆ, ಶಿಕ್ಷಕಿಯರಿಗೆ ಸೀಮೆಸುಣ್ಣದ ಪುಡಿ ಬೇರೆ. ಎಲ್ಲಕ್ಕಿಂತ ಒಳ್ಳೆಯದು ಮಧ್ಯಮ ಬಣ್ಣದ ಮೇಲೆ ಸಣ್ಣ ಸಣ್ಣ ಹೂ, ಚುಕ್ಕೆ, ಬಳ್ಳಿಯ ಅಚ್ಚಿರುವ ಹತ್ತಿ ಬಟ್ಟೆ. ನೀಲಿ, ಹಸಿರು, ಕಂದು, ದಾಳಿಂಬೆ ಬಣ್ಣಗಳು ಚೆನ್ನಾಗಿರುತ್ತವೆ. ದೊಡ್ಡ ಹೂಗಳಿಗಿಂತ ಸಣ್ಣ ಅಚ್ಚು ಮೈಯನ್ನು ಹದವಾಗಿ ತೋರಿಸುತ್ತದೆ. ಮುಖಕ್ಕೆ ಕಳೆ ಬೇಕೆಂದರೆ ದುಪಟ್ಟಾ ಗಾಢ ಬಣ್ಣದ್ದಿರಲಿ. ರಾತ್ರಿ ನಿದ್ದೆಗೆಟ್ಟ ಮುಖ ಬಣ್ಣದ ಬೆಳಕಿನಲ್ಲಿ ಅರಳುತ್ತದೆ.

ಹತ್ತಿ ಬಟ್ಟೆಗೆ ನಮ್ಮ ಭಾಗದವರು ದೂರ ಹೋಗಬೇಕಿಲ್ಲ. ಬೈಲಹೊಂಗಲ ಹತ್ತಿಯ ಪೇಟೆಯಾಗಿ ಹೆಸರಾದ ಊರು. ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ ನೇಕಾರರ ಮಗ್ಗಗಳಿವೆ. ಕಿತ್ತೂರಿನಿಂದ ಧಾರವಾಡದ ಕಡೆಗೆ ಹೋದರೆ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಗರಗ ಸಿಗುತ್ತದೆ. ಇಳಕಲ್ ಸೀರೆಯಲ್ಲೂ ಒಡಲು ಪೂರ್ತಿ ಹತ್ತಿಯದಾಗಿರುವುದನ್ನು ಕೇಳಿ ಕೊಂಡರೆ ಬೆವರು ಹೀರುತ್ತದೆ, ಒಗೆದಷ್ಟೂ ಮೆತ್ತಗಾಗುತ್ತದೆ. ಹೊಸ ಬಟ್ಟೆಯನ್ನು ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿದ ಮೇಲೆಯೇ ಹೊಲಿಯಲು ಕೊಡಿ, ಇಲ್ಲವಾದರೆ ಮೊದಲ ಒಗೆತಕ್ಕೇ ಅಂಗಿ ಕುಗ್ಗುತ್ತದೆ. ಗಾಢ ಅತ್ತರು, ಸೆಂಟುಗಳನ್ನು ಸ್ವಲ್ಪ ಕಾಲ ದೂರವಿಡಿ. ಮಗು ತಾಯಿಯನ್ನು ಗುರುತಿಸುವುದು ಮೈಯ ವಾಸನೆಯಿಂದಲೂ ಹೌದು.

ಕೆಲಸಕ್ಕೆ ತಕ್ಕ ಉಡುಪು

ಶಿಕ್ಷಕಿಯ ಬಲಗೈ ದಿನವಿಡೀ ಕರಿಹಲಗೆಯ ಮೇಲಿರುತ್ತದೆ. ತೋಳಿನ ಬುಡ ಬಿಗಿಯಾದರೆ ಕೈ ಎತ್ತಿದಾಗಲೆಲ್ಲ ಅಂಗಿ ಮೇಲೇಳುತ್ತದೆ, ಕಂಕುಳ ಬಳಿಯ ಹಾಲಿನ ಗಂಟುಗಳಿಗೆ ಒತ್ತಡ ಬೀಳುತ್ತದೆ. ಟೈಲರ್ ಅಂಗಡಿಯಲ್ಲಿ ಅಂಗಿ ತೊಟ್ಟು ನೋಡುವಾಗ ಕನ್ನಡಿಯ ಮುಂದೆ ಸುಮ್ಮನೆ ನಿಲ್ಲಬೇಡಿ. ಹಲಗೆಯ ಮೇಲೆ ಬರೆಯುವಂತೆ ಕೈ ಎತ್ತಿ, ಮಗುವನ್ನು ಎತ್ತಿಕೊಳ್ಳುವಂತೆ ಬಾಗಿ, ನೆಲದ ಮೇಲೆ ಕೂತು ನೋಡಿ. ಮೂರರಲ್ಲೂ ಅಂಗಿ ಹಿಡಿಯದಿದ್ದರೆ ಅದು ಕೆಲಸದ ಉಡುಪು.

ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆ, ಕೆಲವು ಖಾಸಗಿ ಶಾಲೆಗಳ ಶಿಕ್ಷಕಿಯರ ಸಮವಸ್ತ್ರದ ಸೀರೆ, ನರ್ಸುಗಳ ಉಡುಪು ಇವೆಲ್ಲ ನಮ್ಮ ಆಯ್ಕೆಯಲ್ಲ. ಆದರೆ ಸೀರೆಯ ಬಣ್ಣ ಅವರದಾದರೂ ಜಂಪರಿನ ಹೊಲಿಗೆ ನಮ್ಮದೇ. ಅದೇ ಬಟ್ಟೆಯಲ್ಲಿ ಮುಂದೆ ಹುಕ್ಕಿಟ್ಟು ಹೊಲಿಸಿದರೆ ಯಾರೂ ಆಕ್ಷೇಪಿಸಲಾರರು. ನಿಲುವಂಗಿಯ ಸಮವಸ್ತ್ರವಿರುವಲ್ಲಿ ಹಾಲುಣಿಸುವ ಅವಧಿಗೆ ಮುಂದೆ ಗುಂಡಿಯಿರುವಂತೆ ಬದಲಿಸಿಕೊಳ್ಳಲು ಮುಖ್ಯಸ್ಥರಿಗೆ ಬರೆದು ಕೇಳಿ. ಬಾಯಿಮಾತಿಗಿಂತ ನಾಲ್ಕು ಸಾಲಿನ ಅರ್ಜಿ ಹೆಚ್ಚು ಕೆಲಸ ಮಾಡುತ್ತದೆ.

‘ಕೆಲಸದ ಉಡುಪು’ ಎಂದರೆ ಕಚೇರಿಯವರದು ಮಾತ್ರವಲ್ಲ. ಹತ್ತಿ ಬಿಡಿಸಲು, ಕಳೆ ತೆಗೆಯಲು ಹೋಗುವ ನಮ್ಮ ಅಕ್ಕತಂಗಿಯರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುತ್ತಾರೆ. ಮುಂದೆ ಗುಂಡಿಯಿರುವುದರಿಂದ ಅದು ಅನುಕೂಲವೇ. ಆದರೆ ಹೊಲದಲ್ಲಿ ಕೀಟನಾಶಕ ಸಿಂಪಡಿಸಿದ್ದರೆ ಆ ಅಂಗಿಯ ಮೇಲೆ ವಿಷ ಕೂತಿರುತ್ತದೆ. ಮನೆಗೆ ಬಂದ ಕೂಡಲೇ ಅಂಗಿಯನ್ನು ಹೊರಗೇ ಕಳಚಿ, ಕೈ, ಮುಖ, ಎದೆಯನ್ನು ಸೋಪಿನಿಂದ ತೊಳೆದುಕೊಂಡು, ಬೇರೆ ಬಟ್ಟೆ ತೊಟ್ಟ ಮೇಲೆಯೇ ಮಗುವನ್ನು ಎತ್ತಿಕೊಳ್ಳಿ. ಆ ಅಂಗಿಯನ್ನು ಮಗುವಿನ ಕುಂಚಿಗೆಯ ಜೊತೆ ಎಂದೂ ಒಗೆಯಬೇಡಿ.

ಕಾನೂನು ಕೊಟ್ಟ ಬಿಡುವು

ಒಳ್ಳೆಯ ಉಡುಪಿದ್ದರೂ ಹಾಲು ತೆಗೆಯಲು ಸಮಯ ಸಿಗಬೇಕಲ್ಲ? 1961ರ ಹೆರಿಗೆ ಸೌಲಭ್ಯ ಕಾಯ್ದೆಯು, ಮಗುವಿಗೆ 15 ತಿಂಗಳಾಗುವವರೆಗೆ ಮಾಮೂಲಿ ವಿರಾಮದ ಜೊತೆಗೆ ದಿನಕ್ಕೆ ಎರಡು ಬಾರಿ ಹಾಲುಣಿಸುವ ಬಿಡುವನ್ನು ಕೊಟ್ಟಿತು. 2017ರ ತಿದ್ದುಪಡಿಯು ಮೊದಲ ಎರಡು ಮಕ್ಕಳಿಗೆ ವೇತನ ಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿ, 50 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಶಿಶುವಿಹಾರ ಕಡ್ಡಾಯಗೊಳಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ. ಈ 26 ವಾರದಲ್ಲಿ 8 ವಾರವನ್ನು ಹೆರಿಗೆಗೆ ಮೊದಲೇ ಬಳಸಿದವರಿಗೆ ಅನಂತರ ಉಳಿಯುವುದು 18 ವಾರ, ಅಂದರೆ ನಾಲ್ಕು ತಿಂಗಳ ಮೇಲೆ ಕೆಲವೇ ದಿನ. ಮಗು ಬರೀ ಹಾಲಿನ ಮೇಲಿರುವಾಗಲೇ ತಾಯಿ ಕೆಲಸಕ್ಕೆ ಮರಳಬೇಕಾಗುತ್ತದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರಕಾರ 2023ರಲ್ಲಿ ಘೋಷಿಸಿತು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ ಎಂದು ವಿಚಾರಿಸಿ.

ಕೆಲಸದ ಕಡೆ ಮೂರು ತಾಸಿಗೊಮ್ಮೆ ಹಾಲು ತೆಗೆಯುವುದನ್ನು ರೂಢಿ ಮಾಡಿಕೊಂಡರೆ ಹಾಲು ಬತ್ತುವುದಿಲ್ಲ. ಕುದಿಸಿ ಶುಚಿ ಮಾಡಿದ ಮುಚ್ಚಳದ ಡಬ್ಬಿಯಲ್ಲಿ ತೆಗೆದ ಹಾಲನ್ನು 25 ಡಿಗ್ರಿ ಮೀರದ ತಂಪಾದ ಕಡೆ 4 ತಾಸಿನವರೆಗೆ ಇಡಬಹುದು. ನಮ್ಮ ಬೇಸಿಗೆಯಲ್ಲಿ ಅಷ್ಟು ಹೊತ್ತು ಇಡುವಂತಿಲ್ಲ. ಕೂಡಲೇ ಫ್ರಿಜ್‌ನಲ್ಲೋ ಮಂಜುಗಡ್ಡೆಯಿಟ್ಟ ಡಬ್ಬಿಯಲ್ಲೋ ಇಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆಯಿಲ್ಲ, ಆದರೆ ನೂಕುನುಗ್ಗಲಿದೆ. ಸುಲಭವಾಗಿ ಸುಕ್ಕಾಗದ ಬಟ್ಟೆ ಮತ್ತು ಚೀಲದಲ್ಲೊಂದು ಮಡಿಚಿಟ್ಟ ಅಂಗಿ ಈ ಪ್ರಯಾಣಕ್ಕೆ ಬೇಕೇಬೇಕು.

ಮನೆಯವರಿಗೆ ಎರಡು ಮಾತು

ಅತ್ತೆಯರೇ, ನಾದಿನಿಯರೇ, “ಎಷ್ಟ ದಪ್ಪ ಆಗೀಯಲ್ಲ!” ಎಂಬ ಮಾತು ತಮಾಷೆಯಾಗಿ ನಿಮ್ಮ ಬಾಯಿಂದ ಬಂದಿರಬಹುದು. ಅದು ಬಾಣಂತಿಯ ಮನಸ್ಸಿನಲ್ಲಿ ದಿನಗಟ್ಟಲೆ ಉಳಿಯುತ್ತದೆ. ಹೆರಿಗೆಯ ನಂತರ ಎರಡು ವಾರ ಕಳೆದರೂ ಅಳು, ಬೇಸರ, ತನ್ನ ಮೇಲೇ ಜಿಗುಪ್ಸೆ ಹೋಗದಿದ್ದರೆ ಅದನ್ನು ಸೋಮಾರಿತನವೆಂದು ಬಗೆಯದೆ ವೈದ್ಯರಿಗೆ ತೋರಿಸಿ. ಆ ಮೈ ಒಂದು ಜೀವವನ್ನು ಹೊತ್ತು, ಹೆತ್ತು, ಈಗ ಸಲಹುತ್ತಿದೆ. ಅದಕ್ಕೆ ಒಪ್ಪುವ ಬಟ್ಟೆ ತೊಡಿಸುವುದು ಅದನ್ನು ಗೌರವಿಸುವ ಒಂದು ಬಗೆ.

ಸಹೋದರರೇ, ಪಟ್ಟಿ ದೊಡ್ಡದಲ್ಲ. ಮುಂದೆ ತೆರೆಯುವ ಮೂರು ಅಂಗಿ ಅಥವಾ ಮೂರು ಜಂಪರು, ಎರಡು ಸಲ್ವಾರ, ಮೂರು ಒಳ ಉಡುಪು, ಒಂದು ದೊಡ್ಡ ಹತ್ತಿ ದುಪಟ್ಟಾ, ಮುಂದೆ ಗುಂಡಿಯಿರುವ ಒಂದು ಬುರ್ಖಾ. ಅಕೀಕಾದ ಊಟಕ್ಕೆ ಎಷ್ಟು ಜನರನ್ನು ಕರೆಯಬೇಕೆಂದು ಲೆಕ್ಕ ಹಾಕುವ ದಿನವೇ ಈ ಪಟ್ಟಿಯನ್ನೂ ಬರೆದಿಟ್ಟುಕೊಳ್ಳಿ. ರಜೆ ಮುಗಿಯಲು ಮೂರು ವಾರವಿರುವಾಗ ಮಗುವನ್ನು ನೀವು ಎತ್ತಿಕೊಂಡು, ಅವಳನ್ನು ಟೈಲರ್ ಅಂಗಡಿಗೆ ಕರೆದುಕೊಂಡು ಹೋಗಿ. ಅಳತೆ ಕೊಡಲು ಅವಳಿಗೆ ಅರ್ಧ ತಾಸು ಬಿಡುವು ಸಿಗಲಿ.